ಬಜ್ಪೆ ಗುಡ್ಡದ ಮೇಲೆ ಕಟ್ಟಡ ಕೂರಿಸುವುದು: ಎಕ್ಸ್-ಪ್ಲೇನ್ ಸೀನರಿ ಪ್ರಶ್ನೋತ್ತರ

ಪ್ರಶ್ನೆ: ಎಕ್ಸ್-ಪ್ಲೇನ್ 12 ಎಂಬ ವಿಮಾನ ಹಾರಾಟದ ಸಿಮ್ಯುಲೇಟರ್‌ಗೆ (ಸಿಮ್) ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ಸೀನರಿ, ಅಂದರೆ ಅಲ್ಲಿನ ನೆಲ, ಕಟ್ಟಡಗಳ ಮಾದರಿ, ಮಾಡುತ್ತಿದ್ದೇನೆ. ಕಂಟ್ರೋಲ್ ಟವರ್ ಮತ್ತು ಟರ್ಮಿನಲ್ ಎರಡನ್ನೂ 3ಡಿ ಮಾದರಿ ಮಾಡುವ ಬ್ಲೆಂಡರ್‌ನಲ್ಲಿ ಮಾಡಿ, ಸೀನರಿ ಜೋಡಿಸುವ ವರ್ಲ್ಡ್ ಎಡಿಟರ್‌ನಲ್ಲಿ ಉಪಗ್ರಹ ಚಿತ್ರದ ಮೇಲೆ ಕೂರಿಸಿದೆ. ಸಿಮ್ ತೆರೆದು ನೋಡಿದರೆ ಟವರ್ ಏಳು ಮೀಟರ್‌ನಷ್ಟು ಆಚೆ ನಿಂತಿದೆ, ಟರ್ಮಿನಲ್‌ನ ಒಂದು ಮೂಲೆ ಏಪ್ರನ್ (ವಿಮಾನ ನಿಲ್ಲಿಸುವ ಅಂಗಳ) ಗೆರೆಯ ಮೇಲೆ ಬಂದಿದೆ. ತಪ್ಪು ಎಲ್ಲಿರಬಹುದು?

ಉತ್ತರ: ಸದ್ಯಕ್ಕೆ ಕಟ್ಟಡವನ್ನು ಮೌಸ್‌ನಿಂದ ಎಳೆದು ಸರಿಮಾಡಲು ಹೋಗಬೇಡಿ. ಒಂದನ್ನು ಎಳೆದರೆ ಇನ್ನೊಂದು ತಪ್ಪುತ್ತದೆ, ದಿಕ್ಕನ್ನು ಮುಟ್ಟಿದಾಗ ಎರಡೂ ಕೈತಪ್ಪುತ್ತವೆ. ಮೊದಲು ಒಂದು ಕಂಬ ನೆಟ್ಟು ನೋಡಿ. ಬ್ಲೆಂಡರ್‌ನಲ್ಲಿ 10 ಸೆಂ.ಮೀ. ದಪ್ಪ, 20 ಮೀಟರ್ ಎತ್ತರದ ಕಂಬ ಮಾಡಿ, ಒರಿಜಿನ್ (ಮಾದರಿಯ ಸೊನ್ನೆ ಬಿಂದು) ಕಂಬದ ಬುಡದ ನಡುವಿಗೆ ಇರಲಿ. ಅದನ್ನು ರನ್‌ವೇಯ ಎರಡೂ ಥ್ರೆಶೋಲ್ಡ್‌ಗಳ (ಇಳಿಯುವ ಭಾಗ ಶುರುವಾಗುವ ತುದಿಗಳ) ಅಕ್ಷಾಂಶ ರೇಖಾಂಶವನ್ನು ಕೈಯಾರೆ ಟೈಪ್ ಮಾಡಿ ಇಡಿ. ಸಿಮ್‌ನಲ್ಲಿ ಎರಡೂ ಕಂಬ ನಡುಗೆರೆಯ ಮೇಲೇ ನಿಂತರೆ ಎಕ್ಸ್‌ಪೋರ್ಟ್ ದಾರಿ ಸರಿಯಿದೆ. ಆಮೇಲೆ ತಪ್ಪು ಇರುವುದು ಎರಡೇ ಕಡೆ, ನಿಮ್ಮ ಮಾದರಿಯಲ್ಲಿ ಅಥವಾ ನೀವು ನೋಡಿ ಗೆರೆ ಎಳೆದ ಚಿತ್ರದಲ್ಲಿ.

ಟವರ್‌ನ ಏಳು ಮೀಟರ್ ಬಗ್ಗೆ ನನಗೆ ಚಿತ್ರದ ಮೇಲೇ ಅನುಮಾನ. ಉಪಗ್ರಹ ನೆಟ್ಟಗೆ ಮೇಲಿನಿಂದ ನೋಡಿರುವುದಿಲ್ಲ. 20 ಡಿಗ್ರಿ ಓರೆಯಾಗಿ ನೋಡಿದ್ದರೆ 20 ಮೀಟರ್ ಎತ್ತರದ ಕಟ್ಟಡದ ತಲೆ ಅದರ ಬುಡದಿಂದ 7.3 ಮೀಟರ್ ಆಚೆ ಕಾಣುತ್ತದೆ. ನೀವು ಕಟ್ಟಡವನ್ನು ತಾರಸಿಗೆ ಹೊಂದಿಸಿರುತ್ತೀರಿ, ಹೊಂದಿಸಬೇಕಾದದ್ದು ಗೋಡೆ ನೆಲ ಮುಟ್ಟುವ ಜಾಗಕ್ಕೆ. ಚಿತ್ರದಲ್ಲಿ ಒಂದು ಪಕ್ಕದ ಗೋಡೆ ಕಾಣುತ್ತಿದ್ದರೆ ಆ ಗೋಡೆಯ ಕೆಳಗಿನ ಅಂಚು ಹಿಡಿಯಿರಿ. ಕಾಣದಿದ್ದರೆ ನೆರಳು ಹೊರಡುವ ಮೂಲೆ ನೋಡಿ.

ಇನ್ನೊಂದು ವಿಷಯ. ವರ್ಲ್ಡ್ ಎಡಿಟರ್‌ನ ಸ್ಲಿಪ್ಪಿ ಮ್ಯಾಪ್‌ನಲ್ಲಿ (ಹಿನ್ನೆಲೆಯ ಆನ್‌ಲೈನ್ ನಕ್ಷೆ) ಕಾಣುವ ಚಿತ್ರಕ್ಕೂ ನಿಮ್ಮ ರನ್‌ವೇ ಎಳೆದಿರುವ ಚಿತ್ರಕ್ಕೂ ಕೆಲವು ಮೀಟರ್ ವ್ಯತ್ಯಾಸ ಇರಬಹುದು, ಮುಖ್ಯವಾಗಿ ಗುಡ್ಡದ ಜಾಗದಲ್ಲಿ. ರನ್‌ವೇ ಒಂದು ಚಿತ್ರದಿಂದ, ಕಟ್ಟಡ ಇನ್ನೊಂದರಿಂದ ತೆಗೆದುಕೊಂಡರೆ ಯಾವತ್ತೂ ಕೂಡಿಬರುವುದಿಲ್ಲ. ಪ್ರಕಟಿತ ಥ್ರೆಶೋಲ್ಡ್ ಸ್ಥಾನಕ್ಕೆ ಚಿತ್ರವನ್ನೇ ಸರಿಸಿ ಹೊಂದಿಸಿ, ಬಳಿಕ ಉಳಿದದ್ದನ್ನೆಲ್ಲ ಅದೇ ಚಿತ್ರದಿಂದ ಎಳೆಯಿರಿ.

ಮರುಪ್ರಶ್ನೆ: ಥ್ರೆಶೋಲ್ಡ್ ಸ್ಥಾನ ಎಐಪಿಯಲ್ಲಿ (ಅಧಿಕೃತ ವಿಮಾನಯಾನ ಮಾಹಿತಿ ಪುಸ್ತಕ) ಡಿಗ್ರಿ, ಮಿನಿಟು, ಸೆಕೆಂಡುಗಳಲ್ಲಿದೆ. ಎಷ್ಟು ದಶಮಾಂಶದವರೆಗೆ ಹಾಕಬೇಕು?

ಉತ್ತರ: ಆರು. ಐದನೇ ಸ್ಥಾನ ಸುಮಾರು 1.1 ಮೀಟರ್, ಆರನೆಯದು 11 ಸೆಂ.ಮೀ. ಒಂದು ಸೆಕೆಂಡು ಅಕ್ಷಾಂಶವೆಂದರೆ 30.7 ಮೀಟರ್. ಹಾಗಾಗಿ ಸೆಕೆಂಡಿನ ದಶಮಾಂಶ ಬಿಟ್ಟು ಬರೆದ ಸ್ಥಾನ ಕಟ್ಟಡ ಕೂರಿಸಲು ಸಾಲದು. ಮಿನಿಟನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಕೂಡಿಸಬೇಕು: 12 ಡಿಗ್ರಿ 57 ಮಿನಿಟು 41 ಸೆಕೆಂಡು ಅಂದರೆ 12.961389. ಅಂಕಿಗಳನ್ನು ಹಾಗೇ ಜೋಡಿಸಿ 12.5741 ಎಂದು ಹಾಕುವವರು ಈಗಲೂ ಇದ್ದಾರೆ. ರೇಖಾಂಶವನ್ನೂ ಹಾಗೇ ಹಾಕಿದರೆ ನಿಮ್ಮ ಟರ್ಮಿನಲ್ ಕಾಸರಗೋಡಿನಿಂದ ಪಶ್ಚಿಮಕ್ಕೆ, ಅರಬ್ಬೀ ಸಮುದ್ರದಲ್ಲಿ ಸಿಗುತ್ತದೆ!

ಪ್ರಶ್ನೆ: ಕಂಬ ಸರಿಯಾಗಿ ನಿಂತಿತು, ಟವರ್ ಕೂಡ ಸರಿಹೋಯಿತು. ಆದರೆ ಟರ್ಮಿನಲ್ ಇನ್ನೂ ಸ್ವಲ್ಪ ತಿರುಗಿಕೊಂಡಿದೆ. ದಿಕ್ಕನ್ನು ಒಂದು ಡಿಗ್ರಿ ಬದಲಾಯಿಸಿದರೆ ಕಟ್ಟಡವೇ ಐದು ಮೀಟರ್ ಪಕ್ಕಕ್ಕೆ ಜಿಗಿಯುತ್ತದೆ.

ಉತ್ತರ: ಅಲ್ಲಿಗೆ ರೋಗ ಗೊತ್ತಾಯಿತು. ಒರಿಜಿನ್ ಕಟ್ಟಡದ ಒಳಗಿಲ್ಲ, ಸುಮಾರು 300 ಮೀಟರ್ ದೂರದಲ್ಲಿದೆ. 300 ಮೀಟರ್ ತ್ರಿಜ್ಯದಲ್ಲಿ ಒಂದು ಡಿಗ್ರಿ ಅಂದರೆ 5.2 ಮೀಟರ್. ಇಡೀ ನಿಲ್ದಾಣದ ಕ್ಯಾಡ್ (ಕಂಪ್ಯೂಟರಿನಲ್ಲಿ ಬರೆದ ವಿನ್ಯಾಸ) ನಕ್ಷೆ ಒಂದೇ ಫೈಲಿನಲ್ಲಿ ತಂದು, ಅದರ ಮೇಲೆ ಕಟ್ಟಡ ಎಬ್ಬಿಸಿದಾಗ ಹೀಗಾಗುತ್ತದೆ. ಬ್ಲೆಂಡರ್‌ನಲ್ಲಿ ಕಟ್ಟಡವನ್ನು ಸೊನ್ನೆಗೆ ತನ್ನಿ, ನೆಲಮಟ್ಟ Z ಸೊನ್ನೆಯಲ್ಲಿರಲಿ, ಕಂಟ್ರೋಲ್ ಎ ಒತ್ತಿ ಲೊಕೇಶನ್, ರೊಟೇಶನ್, ಸ್ಕೇಲ್ ಮೂರನ್ನೂ ಅಪ್ಲೈ ಮಾಡಿ. ಸ್ಕೇಲ್ ಬಿಟ್ಟುಹೋದರೆ ಪರದೆಯಲ್ಲಿ ಸರಿ ಕಂಡದ್ದು ಎಕ್ಸ್‌ಪೋರ್ಟ್‌ನಲ್ಲಿ ಬೇರೆ ಅಳತೆಗೆ ಬಂದೀತು. ಎಕ್ಸ್-ಪ್ಲೇನ್‌ಗೆ ಒಂದು ಯೂನಿಟ್ ಅಂದರೆ ಒಂದು ಮೀಟರ್, ಬೇರೆ ಲೆಕ್ಕ ಇಲ್ಲ.

ಕಟ್ಟಡದ ಮುಖ್ಯ ಗೋಡೆ ಬ್ಲೆಂಡರ್‌ನ Y ಅಕ್ಷಕ್ಕೆ ಸಮನಾಗಿರಲಿ. ಎಕ್ಸ್‌ಪೋರ್ಟ್ ಆದಮೇಲೆ ಪ್ಲಸ್ Y ಉತ್ತರವಾಗುತ್ತದೆ. ಆಗ ವರ್ಲ್ಡ್ ಎಡಿಟರ್‌ನಲ್ಲಿ ಹಾಕುವ ಹೆಡಿಂಗೇ ಆ ಗೋಡೆಯ ದಿಕ್ಕು, ತಲೆಯಲ್ಲಿ ಕೂಡಿ ಕಳೆಯುವ ಗೊಡವೆ ಇಲ್ಲ. ಆ ಹೆಡಿಂಗ್ ನಿಜ ಉತ್ತರದಿಂದ ಲೆಕ್ಕ, ಕಾಂತೀಯ ಉತ್ತರದಿಂದ ಅಲ್ಲ. ಚಾರ್ಟ್‌ನಲ್ಲಿರುವ ಕಾಂತೀಯ ದಿಕ್ಕನ್ನು ನೇರವಾಗಿ ಹಾಕಬೇಡಿ. ನಮ್ಮ ಕಡೆ ವ್ಯತ್ಯಾಸ ಎರಡು ಡಿಗ್ರಿಯೊಳಗೆ ಇರುವುದರಿಂದ ಎಷ್ಟೋ ಜನರಿಗೆ ಇದು ಗಮನಕ್ಕೇ ಬರುವುದಿಲ್ಲ, ಆದರೆ 100 ಮೀಟರ್ ಉದ್ದದ ಗೋಡೆಗೆ ಎರಡು ಡಿಗ್ರಿ ಅಂದರೆ ತುದಿಯಲ್ಲಿ 3.5 ಮೀಟರ್. ಎರಡು ಥ್ರೆಶೋಲ್ಡ್‌ಗಳಿಂದ ಲೆಕ್ಕಹಾಕಿದ ದಿಕ್ಕೇ ಎಲ್ಲಕ್ಕಿಂತ ನಂಬಿಕಸ್ಥ: 2450 ಮೀಟರ್ ರನ್‌ವೇಯಲ್ಲಿ ಒಂದು ತುದಿ ಒಂದು ಮೀಟರ್ ತಪ್ಪಿದರೂ ದಿಕ್ಕು ಕೆಡುವುದು 0.023 ಡಿಗ್ರಿ ಮಾತ್ರ.

ಇನ್ನೊಬ್ಬರ ಸೇರ್ಪಡೆ: ಕ್ಯಾಡ್ ನಕ್ಷೆ ಯುಟಿಎಂನಲ್ಲಿದ್ದರೆ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರ್‌ನಲ್ಲಿ ಸ್ಥಾನ ಹೇಳುವ ಪದ್ಧತಿ) ಅದರ ಉತ್ತರ ಗ್ರಿಡ್ ಉತ್ತರ, ಅಂದರೆ ನಕ್ಷೆಯ ಚೌಕಗೆರೆಗಳ ಉತ್ತರ, ನಿಜ ಉತ್ತರ ಅಲ್ಲ. 43ನೇ ವಲಯದ ನಡುರೇಖೆ 75 ಡಿಗ್ರಿ ಪೂರ್ವ. ಮಂಗಳೂರು 74.89ರಲ್ಲಿ ಇರುವುದರಿಂದ ವ್ಯತ್ಯಾಸ 0.03 ಡಿಗ್ರಿಯೂ ಇಲ್ಲ, ಮರೆತುಬಿಡಬಹುದು. ಇದೇ ಪದ್ಧತಿಯನ್ನು ದೇವನಹಳ್ಳಿಗೆ ಒಯ್ದರೆ ಅಲ್ಲಿ 77.7 ಡಿಗ್ರಿ, ವ್ಯತ್ಯಾಸ 0.6 ಡಿಗ್ರಿ ಮೀರುತ್ತದೆ. ಒಂದು ಕಿ.ಮೀ.ಗೆ 10 ಮೀಟರ್‌ಗೂ ಹೆಚ್ಚು. ಮಂಗಳೂರಿನಲ್ಲಿ ಸರಿಬಂದ ಪದ್ಧತಿ ಬೆಂಗಳೂರಿನಲ್ಲಿ ಯಾಕೆ ಕೈಕೊಡುತ್ತದೆ ಎಂಬ ಪ್ರಶ್ನೆ ಈ ಗುಂಪಿನಲ್ಲಿ ಆಗಾಗ ಬರುತ್ತದೆ, ಕಾರಣ ಇದೇ.

ಪ್ರಶ್ನೆ: ಗುಡ್ಡದ ಅಂಚಿನ ಬಳಿ ಇಟ್ಟ ಶೆಡ್ಡಿನ ಒಂದು ಬದಿ ಗಾಳಿಯಲ್ಲಿದೆ, ಇನ್ನೊಂದು ಬದಿ ಮಣ್ಣಿನೊಳಗೆ. ಎತ್ತರ ನಾನೇ ಕೊಟ್ಟುಬಿಡಲೇ?

ಉತ್ತರ: ಇದು ಸ್ವಲ್ಪ ಉದ್ದದ ಉತ್ತರ. ಟೇಬಲ್‌ಟಾಪ್ (ಗುಡ್ಡದ ತಲೆ ಸಪಾಟು ಮಾಡಿ ಕಟ್ಟಿದ) ನಿಲ್ದಾಣದಲ್ಲಿ ನಿಜವಾದ ಕಷ್ಟ ಇರುವುದು ಎಡಬಲದಲ್ಲಲ್ಲ, ಮೇಲೆ ಕೆಳಗೆ.

ಎಕ್ಸ್-ಪ್ಲೇನ್ ಆಬ್ಜೆಕ್ಟ್‌ನ ಒರಿಜಿನ್ ಇರುವ ಒಂದೇ ಬಿಂದುವಿನಲ್ಲಿ ನೆಲದ ಎತ್ತರ ನೋಡಿ ಇಡೀ ಕಟ್ಟಡವನ್ನು ಅಲ್ಲಿ ನೆಟ್ಟಗೆ ನಿಲ್ಲಿಸುತ್ತದೆ. ನೆಲ ಇಳಿಜಾರಾಗಿದ್ದರೆ ಕಟ್ಟಡ ಅದಕ್ಕೆ ತಕ್ಕಂತೆ ವಾಲುವುದಿಲ್ಲ. 80 ಮೀಟರ್ ಉದ್ದದ ಶೆಡ್, ಒರಿಜಿನ್ ನಡುವಿನಲ್ಲಿ, ಇಳಿಜಾರು ಶೇ. 4 ಎಂದಿಟ್ಟುಕೊಳ್ಳಿ: ಒಂದು ತುದಿ 1.6 ಮೀಟರ್ ತೇಲುತ್ತದೆ, ಇನ್ನೊಂದು ಅಷ್ಟೇ ಹೂತುಹೋಗುತ್ತದೆ.

ಆದರೆ ಅಲ್ಲಿ ನಿಜವಾಗಿ ಇಳಿಜಾರು ಇದೆಯೇ ಎಂಬುದು ಮೊದಲ ಪ್ರಶ್ನೆ. ಎಸ್‌ಆರ್‌ಟಿಎಂ ಎತ್ತರದ ದತ್ತಾಂಶ ಸಂಗ್ರಹವಾದದ್ದು 2000ದ ಫೆಬ್ರವರಿಯಲ್ಲಿ, ಬಾಹ್ಯಾಕಾಶ ನೌಕೆಯ ರೇಡಾರ್‌ನಿಂದ. ಬಜ್ಪೆಯ 06/24 ರನ್‌ವೇ (ಎರಡು ತುದಿಗಳ ಹೆಸರು 06 ಮತ್ತು 24) ಬಳಕೆಗೆ ಬಂದದ್ದು 2006ರಲ್ಲಿ. ಗುಡ್ಡ ಕಡಿದು, ಕಣಿವೆ ತುಂಬಿಸಿ ಮಾಡಿದ ಆ ಸಪಾಟು ಆ ದತ್ತಾಂಶದಲ್ಲಿ ಇರಲು ಸಾಧ್ಯವೇ ಇಲ್ಲ. ಎಸ್‌ಆರ್‌ಟಿಎಂ ಆಧರಿಸಿದ ಯಾವ ಮೆಶ್ (ಸಿಮ್‌ನ ನೆಲವನ್ನು ಕಟ್ಟುವ ತ್ರಿಕೋನ ಜಾಲ) ತೆಗೆದುಕೊಂಡರೂ ನಿಮ್ಮ ಶೆಡ್ ನಿಂತಿರುವುದು ಹಳೆಯ ಗುಡ್ಡದ ಮೇಲೆ. ಜೊತೆಗೆ ಅದರ ಅಳತೆಬಿಂದುಗಳ ನಡುವಿನ ಅಂತರ 30 ಅಥವಾ 90 ಮೀಟರ್, ಆದ್ದರಿಂದ ಕಡಿದಾದ ಅಂಚು ಉರುಟಾಗಿ ಇಳಿಜಾರಿನಂತೆ ಕಾಣುತ್ತದೆ.

ನಿಲ್ದಾಣದ ಗುಣಗಳಲ್ಲಿ ಆಲ್ವೇಸ್ ಫ್ಲಾಟೆನ್ ಹಾಕಿದರೆ ಗಡಿಯೊಳಗಿನ ನೆಲ ಸಮತಟ್ಟಾಗುತ್ತದೆ. ಇಲ್ಲೇ ಎಡವುವುದು: ಗಡಿಯನ್ನು ಕಣಿವೆಯ ಮೇಲೂ ಧಾರಾಳವಾಗಿ ಎಳೆದಿದ್ದರೆ ಕಣಿವೆಯೂ ಮೇಲೆದ್ದು ಟೇಬಲ್‌ಟಾಪ್ ಅನ್ನುವುದೇ ಮಾಯ. ಗಡಿಯನ್ನು ಸಪಾಟಿನ ಅಂಚಿನೊಳಗೆ ಬಿಗಿಯಾಗಿ ಎಳೆಯಿರಿ. ಹಾಗೆ ಮಾಡಿದರೂ ಅಂಚಿನಲ್ಲಿರುವ ಮೆಶ್ ತ್ರಿಕೋನಗಳು ದೊಡ್ಡದಾಗಿದ್ದರೆ ಗೋಡೆಯಂತೆ ಎಳೆದುಕೊಳ್ಳುತ್ತವೆ. ಅದು ವರ್ಲ್ಡ್ ಎಡಿಟರ್‌ನಿಂದ ಸರಿಹೋಗುವ ದೋಷವಲ್ಲ, ಆರ್ಥೋ4ಎಕ್ಸ್‌ಪಿ ಎಂಬ ತಂತ್ರಾಂಶದಲ್ಲಿ ಪ್ಯಾಚ್ (ತಿದ್ದುಪಡಿ) ಮಾಡಿ ಮೆಶ್ಶನ್ನೇ ಹೊಸದಾಗಿ ಕಟ್ಟಬೇಕು.

ಇನ್ನು ಎತ್ತರವನ್ನು ನೀವೇ ಕೊಡುವ ಮಾತು. ಸಮುದ್ರಮಟ್ಟದಿಂದ ಇಂತಿಷ್ಟು ಎಂದು ನಿಗದಿ ಮಾಡಿದರೆ ನಿಮ್ಮ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ, ಬೇರೆ ಮೆಶ್ ಇರುವವರ ಕಂಪ್ಯೂಟರಿನಲ್ಲಿ ತೇಲುತ್ತದೆ. ಹಂಚುವ ಉದ್ದೇಶ ಇದ್ದರೆ ನೆಲಕ್ಕೇ ಅಂಟಿಸಿ, ಅಡಿಪಾಯವನ್ನು ಸೊನ್ನೆಯಿಂದ ಕೆಳಕ್ಕೆ ಎರಡು ಮೂರು ಮೀಟರ್ ಇಳಿಸಿ. ನಾಲ್ಕು ಬದಿಗೆ ನಾಲ್ಕು ಪಟ್ಟಿ ಗೋಡೆ ಸಾಕು, ತಳ ಬೇಡ. ಒರಿಜಿನನ್ನು ಬಾಗಿಲಿರುವ ಬದಿಗೆ ಸರಿಸಿದರೆ ಜನ ಹತ್ತಿರದಿಂದ ನೋಡುವ ಬದಿ ನೆಲಕ್ಕೆ ಸರಿಯಾಗಿ ಮುಟ್ಟುತ್ತದೆ. ತುಂಬಾ ಉದ್ದದ ಶೆಡ್ ಆದರೆ ಎರಡು ಮೂರು ತುಂಡು ಮಾಡುವುದೇ ಮೇಲು.

ಮರುಪ್ರಶ್ನೆ: ಡ್ರೋನ್‌ನಿಂದ ಸಿಕ್ಕ ಎತ್ತರ ಹದಿನೈದು ಮೀಟರ್ ಚಿಲ್ಲರೆ ತೋರಿಸುತ್ತಿದೆ. ನಿಲ್ದಾಣ ಇರುವುದು 103 ಮೀಟರ್ ಎತ್ತರದಲ್ಲಿ. ಡ್ರೋನ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಅದು ಕೊಡುತ್ತಿರುವುದು ಡಬ್ಲ್ಯೂಜಿಎಸ್-84 ದೀರ್ಘವೃತ್ತಜದಿಂದ (ಜಿಪಿಎಸ್ ಬಳಸುವ ಭೂಮಿಯ ಗಣಿತದ ಆಕಾರ) ಎತ್ತರ, ಸಮುದ್ರಮಟ್ಟದಿಂದ ಅಲ್ಲ. ದಕ್ಷಿಣ ಭಾರತದಲ್ಲಿ ಜಿಯಾಯ್ಡ್ (ಸರಾಸರಿ ಸಮುದ್ರಮಟ್ಟದ ಮೇಲ್ಮೈ) ಆ ದೀರ್ಘವೃತ್ತಜಕ್ಕಿಂತ 90 ಮೀಟರ್ ಆಸುಪಾಸು ಕೆಳಗಿದೆ. ಲೋಕದಲ್ಲೇ ಅತಿ ಆಳದ ತಗ್ಗು ಇರುವುದು ಶ್ರೀಲಂಕಾದ ದಕ್ಷಿಣಕ್ಕೆ, ನಾವು ಅದರ ಇಳಿಜಾರಿನಲ್ಲಿದ್ದೇವೆ. ನಿಮ್ಮ ಅಕ್ಷಾಂಶ ರೇಖಾಂಶಕ್ಕೆ ಇಜಿಎಂ-96 ಎಂಬ ಜಿಯಾಯ್ಡ್ ಮಾದರಿಯ ಬೆಲೆ ತೆಗೆದು, ಡ್ರೋನ್ ಎತ್ತರದಿಂದ ಕಳೆಯಿರಿ. ಬೆಲೆ ಋಣ ಸಂಖ್ಯೆ, ಆದ್ದರಿಂದ ಕಳೆದರೆ ಕೂಡಿದಂತೆ. ಯೂರೋಪಿನವರು ಬರೆದ ಪಾಠಗಳಲ್ಲಿ ಇದನ್ನು ಬೇರೆ ಚಿಹ್ನೆಯಲ್ಲಿ ತೋರಿಸಿರುತ್ತಾರೆ, ಏಕೆಂದರೆ ಅಲ್ಲಿ ಬೆಲೆ ಧನ ಸಂಖ್ಯೆ.

ಪ್ರಶ್ನೆ: 24ರ ಲೋಕಲೈಸರ್ (ಇಳಿಯುವ ವಿಮಾನಕ್ಕೆ ರನ್‌ವೇ ನಡುಗೆರೆ ತೋರಿಸುವ) ಆಂಟೆನಾ ಇಡಬೇಕು. ಅದನ್ನು ಇಟ್ಟರೆ ಐಎಲ್‌ಎಸ್ (ಇಳಿಯಲು ನೆರವಾಗುವ ರೇಡಿಯೊ ವ್ಯವಸ್ಥೆ) ಸಿಗ್ನಲ್ ಸರಿಯುತ್ತದೆಯೇ?

ಉತ್ತರ: ಸರಿಯುವುದಿಲ್ಲ. ಸಿಗ್ನಲ್ ಬರುವುದು ಅರ್ತ್ ನ್ಯಾವ್ ಡಾಟ್ ಡ್ಯಾಟ್ ಫೈಲಿನ ಸಾಲಿನಿಂದ, ನಿಮ್ಮ ಆಬ್ಜೆಕ್ಟ್ ಬರೀ ನೋಟಕ್ಕೆ. ಹಾಗಿದ್ದರೂ ಎರಡೂ ಒಂದೇ ಕಡೆ ಇರಬೇಕು, ಇಲ್ಲದಿದ್ದರೆ ಕಾಕ್‌ಪಿಟ್‌ನ ಐಎಲ್‌ಎಸ್ ಸೂಜಿ ನಡುವಿನಲ್ಲಿದ್ದಾಗ ಆಂಟೆನಾ ಪಕ್ಕದಲ್ಲಿ ಕಾಣುತ್ತದೆ.

24ರ ಆಂಟೆನಾ 24ರಲ್ಲಿ ಇಳಿಯುವವನ ಓಟದ ಕೊನೆಯಾಚೆ, ಅಂದರೆ 06 ತುದಿಯ ಹೊರಗೆ ಇರುತ್ತದೆ. 2010ರ ಮೇ 22ರ ಅಪಘಾತದಲ್ಲಿ ರನ್‌ವೇ ದಾಟಿದ ವಿಮಾನದ ರೆಕ್ಕೆ ತಗುಲಿದ್ದು ಇದನ್ನು ಹೊತ್ತ ಕಾಂಕ್ರೀಟ್ ಕಟ್ಟೆಗೇ. ಸ್ಥಾನವನ್ನು ಕಣ್ಣಳತೆಯಲ್ಲಿ ಇಡದೆ ಲೆಕ್ಕ ಹಾಕಿ. ಇಲ್ಲಿ ಒಂದು ಡಿಗ್ರಿ ಅಕ್ಷಾಂಶ 110.63 ಕಿ.ಮೀ., ರೇಖಾಂಶ 108.5 ಕಿ.ಮೀ. ರನ್‌ವೇ ತುದಿಯಿಂದ 100 ಮೀಟರ್, ದಿಕ್ಕು 240 ಡಿಗ್ರಿ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ, ದೂರವನ್ನು ದಿಕ್ಕಿನ ಕೊಸೈನ್‌ನಿಂದ ಗುಣಿಸಿ 110630ರಿಂದ ಭಾಗಿಸಿ: ಅಕ್ಷಾಂಶ 0.000452 ಕಡಿಮೆಯಾಗುತ್ತದೆ. ಸೈನ್‌ನಿಂದ ಗುಣಿಸಿ 108500ರಿಂದ ಭಾಗಿಸಿ: ರೇಖಾಂಶ 0.000798 ಕಡಿಮೆ. ಬ್ಲೆಂಡರ್‌ನಲ್ಲಿ ಆಂಟೆನಾ ಸಾಲನ್ನು X ಅಕ್ಷದ ಉದ್ದಕ್ಕೆ ಹರಡಿ, ಹೆಡಿಂಗ್‌ಗೆ ರನ್‌ವೇಯ ನಿಜ ದಿಕ್ಕನ್ನೇ ಕೊಡಿ. ಸಾಲು ನಡುಗೆರೆಗೆ ಅಡ್ಡವಾಗಿ ತಾನೇ ನಿಲ್ಲುತ್ತದೆ.

ಪ್ರಶ್ನೆ: ಮೂಲ ಸೀನರಿಯ ಮನೆ, ಮರಗಳು ನನ್ನ ಟರ್ಮಿನಲ್ ಒಳಗಿಂದ ತಲೆ ಎತ್ತುತ್ತಿವೆ. ಎಕ್ಸ್‌ಕ್ಲೂಶನ್ (ಕೆಳಗಿನ ಸೀನರಿಯನ್ನು ಅಳಿಸುವ ಚೌಕ) ಹಾಕಿದ್ದೇನೆ, ಪ್ರಯೋಜನ ಇಲ್ಲ.

ಉತ್ತರ: ಎರಡು ನೋಡಿ. ಒಂದು, ಮನೆಗಳಿಗೆ ಆಬ್ಜೆಕ್ಟ್ ಮತ್ತು ಫಸಾಡ್, ಮರಗಳಿಗೆ ಫಾರೆಸ್ಟ್, ಹೀಗೆ ಬೇಕಾದ ಬಗೆಗಳಿಗೆಲ್ಲ ಟಿಕ್ ಹಾಕಿದ್ದೀರೋ. ಎರಡು, ಸೀನರಿ ಪ್ಯಾಕ್ಸ್ ಡಾಟ್ ಐಎನ್‌ಐ ಫೈಲಿನಲ್ಲಿ ನಿಮ್ಮ ಪ್ಯಾಕ್ ಗ್ಲೋಬಲ್ ಏರ್‌ಪೋರ್ಟ್ಸ್ ಸಾಲಿಗಿಂತ ಮೇಲೆ ಇದೆಯೋ. ಎಕ್ಸ್‌ಕ್ಲೂಶನ್ ತನಗಿಂತ ಕೆಳಗಿನ ಪ್ಯಾಕ್‌ಗಳನ್ನು ಮಾತ್ರ ಅಳಿಸುತ್ತದೆ. ಈ ಚೌಕ ಯಾವಾಗಲೂ ಉತ್ತರ ದಕ್ಷಿಣಕ್ಕೆ ನೆಟ್ಟಗೇ ಇರುತ್ತದೆ, ತಿರುಗಿಸಲು ಬರುವುದಿಲ್ಲ. ಓರೆ ಕಟ್ಟಡಕ್ಕೆ ಒಂದು ದೊಡ್ಡ ಚೌಕ ಹಾಕಿದರೆ ಊರಿನ ಅರ್ಧ ಮರಗಳೂ ಹೋಗುತ್ತವೆ. ಮೆಟ್ಟಿಲಿನ ಹಾಗೆ ನಾಲ್ಕೈದು ಚಿಕ್ಕವನ್ನು ಹಾಕಿ.

ಪ್ರಶ್ನೆ: ಕೊನೆಯದು. ಕಟೀಲು ಕಡೆ ಒಂದು ಮೊಬೈಲ್ ಟವರ್ ಇಟ್ಟೆ, ಅದು ಮಾತ್ರ ಸಿಮ್‌ನಲ್ಲಿ ಇಲ್ಲ. ಗೆಳೆಯರಿಗೆ ಕಳಿಸಿದ ಫೋಲ್ಡರ್‌ನಲ್ಲೂ ಅಷ್ಟೇ.

ಉತ್ತರ: ಡಿಎಸ್‌ಎಫ್ (ಸೀನರಿ ದತ್ತಾಂಶದ) ಫೈಲುಗಳು ಒಂದೊಂದು ಡಿಗ್ರಿ ಚೌಕಕ್ಕೆ ಒಂದೊಂದು. ನಿಲ್ದಾಣ ಇರುವುದು +12+074ರಲ್ಲಿ, ಕಟೀಲು 13 ಡಿಗ್ರಿ ದಾಟಿ +13+074ರಲ್ಲಿ. ಎರಡೂ +10+070 ಫೋಲ್ಡರ್ ಒಳಗೆ ಬರುತ್ತವೆ. ವರ್ಲ್ಡ್ ಎಡಿಟರ್ ಎರಡನ್ನೂ ತಾನೇ ಬರೆಯುತ್ತದೆ. ನೀವು ಬಹುಶಃ ಮೊದಲ ಫೈಲನ್ನಷ್ಟೇ ನಕಲು ಮಾಡಿದ್ದೀರಿ. ಎರಡನೆಯದೂ ಇದ್ದು ಟವರ್ ಕಾಣದಿದ್ದರೆ ಲಾಗ್ ಡಾಟ್ ಟಿಎಕ್ಸ್‌ಟಿ ತೆರೆದು ಆಬ್ಜೆಕ್ಟ್ ಹೆಸರು ಹುಡುಕಿ. ಹೆಸರಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಬೇರೆಯಾಗಿದ್ದರೆ ವಿಂಡೋಸ್ ಸುಮ್ಮನಿರುತ್ತದೆ, ಲಿನಕ್ಸ್‌ನಲ್ಲಿ ಫೈಲೇ ಸಿಗುವುದಿಲ್ಲ.