ಪದಚರ್ಚೆ: ಖಾತ್ರಿ, ಗುಳೆ, ‘ಕೈಗೆಟುಕುವ’ ಮನೆ

ಪ್ರಶ್ನೆ (ಯಾದಗಿರಿಯಿಂದ)

ಗ್ರಾಮ ಪಂಚಾಯತಿ ಗ್ರಂಥಾಲಯಗಳಿಗೆ ಕೊಡುವ ಚಿಕ್ಕ ಕೈಪಿಡಿಯೊಂದರ ಕರಡು ತಿದ್ದಬೇಕಿದೆ. ತಲೆಬರಹ ಹೀಗಿದೆ: ‘ಬಡ ವಲಸೆ ಕಾರ್ಮಿಕರಿಗೆ ಸರ್ಕಾರಿ ಉದ್ಯೋಗ ಖಾತರಿ ಮತ್ತು ಕೈಗೆಟುಕುವ ವಸತಿ’. ಓದುವವರು ಶಹಾಪುರ, ಸುರಪುರ, ಚಿಂಚೋಳಿ, ಆಳಂದ, ಔರಾದ ಕಡೆಯವರು, ಹೆಚ್ಚಿನವರು ತಾಂಡಾ ಮತ್ತು ಸಣ್ಣ ಹಳ್ಳಿಗಳವರು. ‘ಖಾತರಿ’ ಬರೆಯಬೇಕೋ ‘ಖಾತ್ರಿ’ಯೋ, ಅಥವಾ ಎಲ್ಲರ ಬಾಯಲ್ಲೂ ಇರುವ ‘ಗ್ಯಾರಂಟಿ’ಯೇ ಸಾಕೋ? ‘ವಲಸೆ’ ಬದಲು ‘ಗುಳೆ’ ಹಾಕಿದರೆ ಅರ್ಥ ಕೆಡುತ್ತದೆಯೇ? ‘ಕೈಗೆಟುಕುವ ವಸತಿ’ಗೆ ನಮ್ಮ ಕಡೆಯ ಮಾತು ಯಾವುದು? ಕಾನೂನಿಗೂ ತಪ್ಪಬಾರದು, ಓದುವವರಿಗೂ ತಿಳಿಯಬೇಕು.

ಉತ್ತರ (ಕಲಬುರಗಿಯಿಂದ)

ಮೂರೂ ಪದಗಳಿಗಿಂತ ಮೊದಲು ನೋಡಬೇಕಾದದ್ದು ‘ಸರ್ಕಾರಿ ಉದ್ಯೋಗ’ ಎಂಬ ಜೋಡಿ. ಇದನ್ನು ಓದಿದವರಿಗೆ ಹೊಳೆಯುವುದು ನೌಕರಿ: ಪಗಾರ, ಪಿಂಚಣಿ ಇರುವ ಕೆಲಸ. 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ (ನರೇಗಾ) ಕೊಟ್ಟದ್ದು ಅದನ್ನಲ್ಲ. ಗ್ರಾಮೀಣ ಕುಟುಂಬವೊಂದಕ್ಕೆ ಆರ್ಥಿಕ ವರ್ಷದಲ್ಲಿ 100 ದಿನ ಕೌಶಲ ಬೇಡದ ಮೈಕೆಲಸ. ಆ ಕಾಯ್ದೆ 2006ರ ಫೆಬ್ರುವರಿ 2ರಂದು ಮೊದಲ ಹಂತದಲ್ಲಿ ದೇಶದ 200 ಜಿಲ್ಲೆಗಳಿಗೆ ಬಂತು. ಅವುಗಳಲ್ಲಿ ಬೀದರ ಮತ್ತು ಗುಲ್ಬರ್ಗ ಎರಡೂ ಇದ್ದವು; ಯಾದಗಿರಿ ಆಗಿನ್ನೂ ಗುಲ್ಬರ್ಗ ಜಿಲ್ಲೆಯ ಭಾಗ. ಅಂದಿನಿಂದ ಜನ ಇದನ್ನು ಕರೆದದ್ದು ‘ಖಾತ್ರಿ ಕೆಲಸ’ ಎಂದು. ‘ಉದ್ಯೋಗ’ವನ್ನು ಅವರೇ ಕೈಬಿಟ್ಟರು, ಸರಿಯಾಗಿಯೇ ಬಿಟ್ಟರು. ನಮ್ಮ ಕಡೆ ‘ನಿನಗೇನು ಬ್ಯಾರೆ ಉದ್ಯೋಗ ಇಲ್ಲೇನು’ ಎಂದರೆ ಬೈಗುಳ, ನೇಮಕಾತಿ ಅಲ್ಲ. ಆದ್ದರಿಂದ ತಲೆಬರಹದಲ್ಲಿ ‘ಖಾತ್ರಿ ಕೆಲಸ’ ಇರಲಿ. ಕಾಯ್ದೆಯ ಪೂರ್ತಿ ಹೆಸರು ಬರುವಲ್ಲಿ ಮಾತ್ರ ‘ಉದ್ಯೋಗ ಖಾತರಿ’ ಬರಲಿ.

ಖಾತ್ರಿಯ ಮೂಲ ಅರಬ್ಬಿಯ ‘ಖಾತಿರ್’, ಅಂದರೆ ಮನಸ್ಸು. ಮರಾಠಿಯಲ್ಲೂ ನಮ್ಮಲ್ಲೂ ಅದು ‘ಮನಸ್ಸಿಗೆ ಗಟ್ಟಿಯಾಗುವುದು’ ಎಂಬ ಅರ್ಥಕ್ಕೆ ಬಂತು: ‘ನನಗ ಖಾತ್ರಿ ಅದ’, ‘ಹೋಗಿ ಖಾತ್ರಿ ಮಾಡ್ಕೊ’. ಈ ಬಳಕೆಯಲ್ಲಿ ಖಾತ್ರಿ ಇರುವುದು ನಂಬುವವರ ಬಳಿ, ಕೊಡುವವರ ಬಳಿ ಅಲ್ಲ. ಕಾನೂನು ಹೇಳುವ ಹೊಣೆಗೆ ‘ಜಾಮೀನು’ ಹೆಚ್ಚು ಹತ್ತಿರವಿತ್ತು, ಏಕೆಂದರೆ ಅದರಲ್ಲಿ ಇನ್ನೊಬ್ಬರು ಮೈಮೇಲೆ ಹಾಕಿಕೊಳ್ಳುತ್ತಾರೆ. ಆದರೆ ಜಾಮೀನನ್ನು ಕೋರ್ಟು ಒಯ್ದಿದೆ, ಈಗ ಹಿಂದಕ್ಕೆ ತರಲಾಗದು. ‘ಗ್ಯಾರಂಟಿ’ಗೂ ಒಂದು ತೊಡಕುಂಟು. 2023ರಿಂದ ಕರ್ನಾಟಕದಲ್ಲಿ ಆ ಮಾತು ಗೃಹಲಕ್ಷ್ಮಿ, ಶಕ್ತಿ, ಗೃಹಜ್ಯೋತಿ, ಅನ್ನಭಾಗ್ಯ, ಯುವನಿಧಿ ಎಂಬ ಐದು ಸರ್ಕಾರಿ ಯೋಜನೆಗಳಿಗೆ ಅಂಟಿಕೊಂಡಿದೆ. ಕೈಪಿಡಿಯಲ್ಲಿ ‘ಗ್ಯಾರಂಟಿ’ ಕಂಡವರು ಗೃಹಲಕ್ಷ್ಮಿ ಕಂತಿನ ಬಗ್ಗೆ ಕೇಳುತ್ತಾರೆ.

ಇದಕ್ಕಿಂತ ಕೆಟ್ಟ ಗೊಂದಲ ‘ನಿರುದ್ಯೋಗ ಭತ್ಯೆ’ಯದು. ಖಾತ್ರಿ ಕಾಯ್ದೆಯಲ್ಲಿ ಅದು ಕೆಲಸ ಕೇಳಿ 15 ದಿನದಲ್ಲಿ ಸಿಗದವರಿಗೆ ಸಲ್ಲುವ ಹಣ: ಮೊದಲ 30 ದಿನಕ್ಕೆ ಕೂಲಿ ದರದ ಕನಿಷ್ಠ ಕಾಲು ಭಾಗ, ಆಮೇಲೆ ಕನಿಷ್ಠ ಅರ್ಧ. ಯುವನಿಧಿಯಲ್ಲಿ ಅದು ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ. ಪತ್ರಿಕೆಗಳು ಎರಡಕ್ಕೂ ಒಂದೇ ಹೆಸರು ಬರೆಯುತ್ತವೆ. ನಿಮ್ಮ ಕೈಪಿಡಿಯಲ್ಲಿ ಮೊದಲನೆಯದನ್ನು ‘ಕೆಲಸ ಕೊಡದಿದ್ದಕ್ಕೆ ಭತ್ಯೆ’ ಎಂದು ಬಿಡಿಸಿ ಬರೆಯಿರಿ. ಉದ್ದವಾದರೂ ಯಾರ ತಪ್ಪಿಗೆ ಯಾರು ಕೊಡಬೇಕು ಎಂಬುದು ಆ ಹೆಸರಲ್ಲೇ ಇರುತ್ತದೆ.

ಪದದ ಜೊತೆ ಬರುವ ಕ್ರಿಯಾಪದವನ್ನೂ ಗಮನಿಸಿ. ಹಳ್ಳಿಯಲ್ಲಿ ಕೇಳುವುದು ‘ಖಾತ್ರಿ ಕೆಲಸ ಬಂದಾವೇನ್ರಿ?’ ಎಂದು, ಮೇಲಿನಿಂದ ಬರುವ ಮಳೆಯಂತೆ. ಕಾಯ್ದೆಯ ಲೆಕ್ಕದಲ್ಲಿ ಕೆಲಸ ‘ಬರುವುದಿಲ್ಲ’, ಅದನ್ನು ‘ಕೇಳಬೇಕು’. ಕೇಳುವುದೆಂದರೆ ಕೆಲಸದ ಅರ್ಜಿಯಾದ ನಮೂನೆ 6 ತುಂಬಿ, ಕನಿಷ್ಠ 14 ದಿನ ಸತತ ಕೆಲಸ ಬೇಕೆಂದು ಬರೆದು, ತಾರೀಖು ಇರುವ ಸ್ವೀಕೃತಿ ಪಡೆಯುವುದು. ಆ ಚೀಟಿ ಇಲ್ಲದಿದ್ದರೆ 15 ದಿನದ ಎಣಿಕೆ ಎಂದು ಶುರುವಾಯಿತೆಂದು ತೋರಿಸಲಾಗದು, ಭತ್ಯೆ ಕೇಳುವುದೂ ಕಷ್ಟ. ಬಾಯಲ್ಲಿ ಕೇಳಿ ಬಂದವರ ಬೇಡಿಕೆ ಗಣಕದಲ್ಲಿ ಕೆಲಸ ಹಂಚಿದ ದಿನಾಂಕದಿಂದಲೇ ದಾಖಲಾದರೆ, ಕಾಗದದ ಮೇಲೆ ತಡವೇ ಆಗಿಲ್ಲ ಎಂದಾಗುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ಎಲ್ಲಿಯೂ ‘ಕೆಲಸ ಬಂದಾಗ’ ಎಂದು ಬರೆಯಬೇಡಿ. ‘ಕೆಲಸ ಕೇಳಿದ ಮೇಲೆ’ ಎಂದು ಬರೆಯಿರಿ.

‘ಕುಟುಂಬ’ವೂ ಹಾಗೆಯೇ. ನೂರು ದಿನ ಒಬ್ಬೊಬ್ಬರಿಗಲ್ಲ, ಒಂದು ಜಾಬ್ ಕಾರ್ಡಿಗೆ. ಗಂಡ, ಹೆಂಡತಿ ಇಬ್ಬರೂ ಹೋದರೆ ಐವತ್ತು ದಿನಕ್ಕೆ ಮುಗಿಯಿತು. 2025-26ರಲ್ಲಿ ಕರ್ನಾಟಕದ ದರ ದಿನಕ್ಕೆ 370 ರೂಪಾಯಿ. ಅದು ಅಳತೆಯ ಮೇಲೆ ಸಿಗುವ ದರ, ಹಾಜರಿಯ ಮೇಲಲ್ಲ. ಬೇಸಿಗೆಯಲ್ಲಿ ಯರಿ (ಕಪ್ಪು ಮಣ್ಣಿನ) ಭೂಮಿ ಒಣಗಿ ಕಲ್ಲಾದಾಗ ಗುಂಪು ಅಗೆದ ಮಣ್ಣು ಕಡಿಮೆ ಬಿದ್ದರೆ ಕೂಲಿಯೂ ಕಡಿಮೆ. ‘ದಿನಗೂಲಿ’ ಎಂದು ಬರೆದರೆ ಜಗಳ ಹುಟ್ಟುವುದು ಇಲ್ಲಿಯೇ. ಇನ್ನೊಂದು: ಸುತ್ತೋಲೆಗಳಲ್ಲಿ ‘ಬದು’ ಎಂದಿರುವುದು ನಮ್ಮ ರೈತರಿಗೆ ‘ಒಡ್ಡು’. ‘ಹೊಲಕ್ಕೆ ಒಡ್ಡು ಹಾಕಿಸಿಕೊಳ್ಳಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆಯನ್ನೂ ಕೈಪಿಡಿ ಹೇಳಬೇಕಾಗುತ್ತದೆ. 2005ರ ಕಾಯ್ದೆಯ ಜಾಗಕ್ಕೆಂದು ತಂದ ಅದರಲ್ಲಿ 100ರ ಬದಲು 125 ದಿನ ಇದೆ; ಇಲ್ಲಿ ಬರೆದ ಖಾತ್ರಿ ಕೆಲಸದ ಉಳಿದ ನಿಯಮಗಳು 2005ರ ಕಾಯ್ದೆಯವು. ಬಿತ್ತನೆ, ಸುಗ್ಗಿಯ ಕಾಲದಲ್ಲಿ ವರ್ಷಕ್ಕೆ ಒಟ್ಟು 60 ದಿನದವರೆಗೆ ಕೆಲಸ ನಿಲ್ಲಿಸುವ ಅವಕಾಶವೂ ಇದೆ. ಹೆಸರಿನಲ್ಲಿಯೇ ‘ಗ್ಯಾರಂಟಿ’, ‘ರೋಜ್‌ಗಾರ್’, ‘ಆಜೀವಿಕಾ’ ಮೂರೂ ಇವೆ. ಜನ ಮಾತ್ರ ‘ಖಾತ್ರಿ’ಯನ್ನೇ ಮುಂದುವರಿಸುತ್ತಾರೆ ಎಂದು ನನ್ನ ಎಣಿಕೆ.

ಈಗ ‘ವಲಸೆ’, ‘ಗುಳೆ’. ಹಳೆಯ ಕನ್ನಡ ಬಳಕೆಯಲ್ಲಿ ಎರಡಕ್ಕೂ ಬಹುಮಟ್ಟಿಗೆ ಒಂದೇ ಅರ್ಥ: ದಂಡು ಬಂತೆಂದೋ ಬರ ಬಿತ್ತೆಂದೋ ಊರಿಗೆ ಊರೇ ಸಾಮಾನು ಕಟ್ಟಿಕೊಂಡು ಹೊರಡುವುದು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 19ನೇ ಶತಮಾನದ ಆರಂಭದಲ್ಲಿ ‘ವಲಸೆ’ಯನ್ನು ಈ ಅರ್ಥದಲ್ಲೇ ವಿವರಿಸಿದ್ದಾನೆ. ಈಗ ವಲಸೆ ಹಕ್ಕಿಗೂ ಸಲ್ಲುತ್ತದೆ, ಸಾಫ್ಟ್‌ವೇರ್ ನೌಕರನಿಗೂ ಸಲ್ಲುತ್ತದೆ. ಗುಳೆ ಮಾತ್ರ ಬಡವರದ್ದಾಗಿ ಉಳಿಯಿತು. ತೊಗರಿ ರಾಶಿ ಮುಗಿದ ಮೇಲೆ ಮನೆಗೆ ಬೀಗ ಹಾಕಿ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಹೋಗಿ ಮಳೆ ಬೀಳುವ ಹೊತ್ತಿಗೆ ತಿರುಗಿ ಬರುವುದು. ತಿರುಗಿ ಬರುವುದು ಆ ಪದದೊಳಗೇ ಇದೆ. ಮತ್ತೊಂದು ಗುಣ, ಗುಳೆಯನ್ನು ಬಿಟ್ಟ ಊರಿನಿಂದ ನೋಡುತ್ತೇವೆ. ‘ಗುಳೆ ಹೋದರು’, ‘ಗುಳೆ ಎದ್ದರು’ ಸಹಜ, ‘ಗುಳೆ ಬಂದರು’ ಕಿವಿಗೆ ಒಗ್ಗುವುದಿಲ್ಲ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೋ ಕಡೇಚೂರು ಕೈಗಾರಿಕಾ ಪ್ರದೇಶಕ್ಕೋ ಹೊರ ರಾಜ್ಯದಿಂದ ಬಂದವರನ್ನು ನಾವು ಗುಳೆಯವರು ಅನ್ನುವುದಿಲ್ಲ, ವಲಸೆ ಕಾರ್ಮಿಕರು ಅನ್ನುತ್ತೇವೆ.

ನಿಮ್ಮ ತಲೆಬರಹ ಕೆಡುವುದು ಇಲ್ಲಿ. ಖಾತ್ರಿ ಕೆಲಸ ಸಿಗುವುದು ಜಾಬ್ ಕಾರ್ಡ್ ಇರುವ ಪಂಚಾಯತಿಯಲ್ಲಿ, ಸಾಮಾನ್ಯವಾಗಿ ಊರಿನಿಂದ 5 ಕಿಲೋಮೀಟರ್ ಒಳಗೆ. ಅದಕ್ಕಿಂತ ದೂರವಾದರೆ ಶೇ 10 ಹೆಚ್ಚು ಕೂಲಿ. ಪುಣೆಯಲ್ಲಿ ಗೌಂಡಿ ಕೈಕೆಳಗೆ ದುಡಿಯುತ್ತಿರುವವರಿಗೆ ಪುಣೆಯಲ್ಲಿ ಯಾವ ಖಾತ್ರಿಯೂ ಇಲ್ಲ. ಅಂದರೆ ‘ವಲಸೆ ಕಾರ್ಮಿಕರಿಗೆ ಉದ್ಯೋಗ ಖಾತರಿ’ ಎಂಬುದು ಹೋದವರಿಗೆ ಸಿಗದ್ದನ್ನು ಸಿಗುತ್ತದೆ ಎನ್ನುತ್ತದೆ. ನಿಮ್ಮ ತಲೆಬರಹದ ‘ಕೈಗೆಟುಕುವ ವಸತಿ’, ಅಂದರೆ ಕೇಂದ್ರದ ಬಾಡಿಗೆ ವಸತಿ ಯೋಜನೆ, ಇದಕ್ಕೆ ತದ್ವಿರುದ್ಧ, ಅದು ನಗರಕ್ಕೆ ಬಂದು ಸೇರಿದವರಿಗೆ. ಒಂದೇ ‘ವಲಸೆ’ ಪದ ಎರಡು ಬೇರೆ ಜಾಗ, ಬೇರೆ ಜನರನ್ನು ಒಟ್ಟಿಗೆ ಕಟ್ಟಿದೆ. ಬಿಡಿಸಿ ಎರಡು ಅಧ್ಯಾಯ ಮಾಡಿ: ‘ಗುಳೆ ಹೋಗದಿರಲು ಊರಲ್ಲೇ ಖಾತ್ರಿ ಕೆಲಸ’, ‘ದುಡಿಯಲು ಹೋದ ಊರಲ್ಲಿ ಬಾಡಿಗೆ ಮನೆ’.

ಬಾಡಿಗೆ ಮನೆಯ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2020ರ ಜುಲೈನಲ್ಲಿ. ಒಂದು ಮಾದರಿಯಲ್ಲಿ ಸರ್ಕಾರ ಕಟ್ಟಿ ಖಾಲಿ ಬಿದ್ದ ಮನೆಗಳನ್ನು ದುರಸ್ತಿ ಮಾಡಿ 25 ವರ್ಷ ಬಾಡಿಗೆಗೆ ನಡೆಸುವುದು. ಇನ್ನೊಂದರಲ್ಲಿ ಕಾರ್ಖಾನೆ ಅಥವಾ ಸಂಸ್ಥೆ ತನ್ನ ಜಾಗದಲ್ಲಿ ತಾನೇ ಕಟ್ಟಿಸುವುದು. ಒಂದು ಕೋಣೆಯ ಮನೆ 30 ಚದರ ಮೀಟರ್‌ವರೆಗೆ, ಎರಡು ಕೋಣೆಯದು 60ರವರೆಗೆ, ಸಾಮೂಹಿಕ ಕೋಣೆಯಲ್ಲಿ ಹಾಸಿಗೆಯೊಂದಕ್ಕೆ 10ರವರೆಗೆ. ಇದನ್ನು ‘ವಸತಿ’ ಎಂದಷ್ಟೇ ಬರೆದರೆ ನಮ್ಮ ಕಡೆ ತಿಳಿಯುವುದು ಆಶ್ರಯ ಮನೆ, ಜನತಾ ಮನೆ, ಅಂದರೆ ಸ್ವಂತದ್ದು. ‘ಬಾಡಿಗೆ’ ಪದ ಬಿಡಲೇಬಾರದು. ‘ಕೈಗೆಟುಕುವ’ ಸುದ್ದಿ ವಾಚನದ ಮಾತು. ಹಳ್ಳಿಯ ಮಾತು ‘ನೀಗು’: ‘ಅಷ್ಟು ಬಾಡಿಗಿ ನಮಗ ನೀಗಲ್ರಿ’. ‘ಸೋವಿ’ ಎಂದರೆ ಬರಿಯ ಅಗ್ಗ, ಗುಣವೂ ಕಡಿಮೆಯೇನೋ ಎಂಬ ಅನುಮಾನ ಅದಕ್ಕೆ ಅಂಟಿದೆ. ‘ನೀಗುವ’ದಲ್ಲಿ ದುಡಿಮೆಗೂ ಬಾಡಿಗೆಗೂ ಹೊಂದಾಣಿಕೆ ಇದೆ. ‘ನೀಗುವ ಬಾಡಿಗೆಯ ಮನೆ’ ಎಂದೇ ಬರೆಯಿರಿ ಎಂಬುದು ನನ್ನ ಮತ.

ಊರಿನ ಸ್ವಂತ ಮನೆ ಮತ್ತು ಖಾತ್ರಿ ಸೇರುವ ಜಾಗವೂ ಒಂದಿದೆ. ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ ನೆರವು 1.20 ಲಕ್ಷ ರೂಪಾಯಿ, ಮನೆ ಕನಿಷ್ಠ 25 ಚದರ ಮೀಟರ್. ಇದರ ಹೊರತಾಗಿ ತಮ್ಮ ಮನೆ ಕಟ್ಟಲು ತಾವೇ ದುಡಿದದ್ದಕ್ಕೆ 90 ಮಾನವ ದಿನದ ಖಾತ್ರಿ ಕೂಲಿ; 370ರ ದರದಲ್ಲಿ 33,300 ರೂಪಾಯಿ. ಈ ‘ಮಾನವ ದಿನ’ವನ್ನು ‘ಆಳು-ದಿನ’ ಎಂದು ಬರೆಯಬಹುದು. ತಳಪಾಯ ಹಾಕಿ ಗುಳೆ ಹೋದವರ ಹೆಸರಲ್ಲಿ ಹಾಜರಿ ಪಟ್ಟಿ ತೆಗೆಯಲಾಗದು, ಗೋಡೆಯ ಫೋಟೊ ಇಲ್ಲದೆ ಮುಂದಿನ ಕಂತೂ ಬರದು. ಮಂಜೂರಾದ ಮನೆ ಅರ್ಧಕ್ಕೆ ನಿಲ್ಲುವ ದೊಡ್ಡ ಕಾರಣಗಳಲ್ಲಿ ಇದೊಂದು. ‘ಮಂಜೂರು’ ಎಂದರೆ ಹಣ ಕೈಗೆ ಬಂತು ಎಂದು ಓದುವವರಿದ್ದಾರೆ, ಅದನ್ನೂ ಬಿಡಿಸಿ ಹೇಳಿ. ತಾಂಡಾಗಳವರಿಗೆ ‘ಹಕ್ಕುಪತ್ರ’ ಪದ ವಿವರಿಸಬೇಕಿಲ್ಲ. 2023ರ ಜನವರಿಯಲ್ಲಿ ಮಳಖೇಡದಲ್ಲಿ ನಡೆದ ವಿತರಣೆಯ ನಂತರ ಅದು ಮನೆಮಾತು.

ಮತ್ತೊಂದು ಉತ್ತರ (ಬೀದರದಿಂದ)

ಮೇಲಿನದಕ್ಕೆ ಔರಾದ, ಭಾಲ್ಕಿ ಕಡೆಯ ಮಾತು ಸೇರಿಸುತ್ತೇನೆ. ಮಹಾರಾಷ್ಟ್ರದಲ್ಲಿ ಇಂಥದೇ ಯೋಜನೆ 1970ರ ದಶಕದಿಂದಲೇ ಇತ್ತು, 1977ರಲ್ಲಿ ಕಾಯ್ದೆಯೂ ಆಯಿತು. ಅಲ್ಲಿ ಅದರ ಹೆಸರು ‘ರೋಜಗಾರ ಹಮಿ’; ‘ಹಮಿ’ ಎಂದರೆ ಖಾತ್ರಿ. ಗಡಿಯ ಹಿರಿಯರಿಗೆ ‘ಹಮಿ’ ಅರ್ಥವಾಗುತ್ತದೆ, ಆದರೆ ಕೈಪಿಡಿಗೆ ಅದು ಬೇಡ. ಆ ಕಾಯ್ದೆ ಬೇರೆ, ನಿಯಮ ಬೇರೆ.

ಬೇಕಾದದ್ದು ಕಬ್ಬು ಕಡಿಯಲು ಹೋಗುವ ಗ್ಯಾಂಗಿನ ಪದಗಳು. ‘ಕೋಯ್ತಾ’ ಎಂದರೆ ಕತ್ತಿ, ಲೆಕ್ಕದಲ್ಲಿ ಗಂಡ-ಹೆಂಡತಿಯ ಒಂದು ಜೋಡಿ. ‘ಉಚಲ್’ ಎಂದರೆ ಹಂಗಾಮಿಗೆ ಮೊದಲೇ ಮುಕಾದಮ (ಗ್ಯಾಂಗು ಕಟ್ಟುವ ಮೇಸ್ತ್ರಿ) ಕೊಡುವ ಮುಂಗಡ. ಖಾತ್ರಿಯ ಕೂಲಿ ದುಡಿದ ಮೇಲೆ, ನಿಯಮದಂತೆ 15 ದಿನದೊಳಗೆ ಖಾತೆಗೆ ಬರಬೇಕು; ಉಚಲ್ ದುಡಿಯುವ ಮೊದಲೇ ನಗದಾಗಿ ಬರುತ್ತದೆ. ಮದುವೆಗೋ ಆಸ್ಪತ್ರೆಗೋ ಉಚಲ್ ತೆಗೆದುಕೊಂಡ ಜೋಡಿ ನಮೂನೆ 6 ಬರೆಯುವುದಿಲ್ಲ, ಬರೆದರೂ ಊರಲ್ಲಿ ಇರುವುದಿಲ್ಲ. ‘ಮುಂಗಡ’ ಎಂದು ಮಾತ್ರ ಬರೆದರೆ ಸಾಲದ ಭಾರ ಕಾಣುವುದಿಲ್ಲ, ಆದ್ದರಿಂದ ‘ಉಚಲ್’ ಇರಲಿ.

‘ವಲಸೆ ಕಾರ್ಮಿಕ’ ಪದವನ್ನು ಪೂರ್ತಿ ಬಿಡುವಂತಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲಿ ಅದು ಗುತ್ತಿಗೆದಾರರ ಮೂಲಕ ಬೇರೆ ರಾಜ್ಯಕ್ಕೆ ಹೋದವರಿಗೆ ಮಾತ್ರ ಸಲ್ಲುತ್ತಿತ್ತು, ತಾವಾಗಿ ಬಸ್ಸು ಹತ್ತಿದವರಿಗೆ ಅಲ್ಲ. 2020ರ ಕಾರ್ಮಿಕ ಸಂಹಿತೆ ತಾವಾಗಿ ಹೋದವರನ್ನೂ ಸೇರಿಸಿತು. ಔರಾದಿನಿಂದ ಬೆಂಗಳೂರಿಗೆ ಹೋದವರು ಗುಳೆ ಹೋದವರೇ, ಆದರೆ ರಾಜ್ಯ ದಾಟಿಲ್ಲವಾದ್ದರಿಂದ ಈ ಎರಡರ ಲೆಕ್ಕಕ್ಕೂ ಬರುವುದಿಲ್ಲ. ಹಕ್ಕಿನ ಮಾತು ಬರುವ ಪುಟದಲ್ಲಿ ‘ವಲಸೆ ಕಾರ್ಮಿಕ’, ಉಳಿದ ಕಡೆ ‘ಗುಳೆ ಹೋದವರು’ ಎಂದಿರಲಿ.

ಕಾಗುಣಿತದ ಮಾತು: ಸರ್ಕಾರಿ ಪತ್ರಗಳಲ್ಲಿ ‘ಖಾತರಿ’, ‘ಖಾತ್ರಿ’ ಎರಡೂ ಓಡಾಡುತ್ತವೆ. ಕೊನೆಯ ಪದಸೂಚಿಯಲ್ಲಿ ಎರಡನ್ನೂ ಕೊಟ್ಟು ಒಂದೇ ಪುಟಕ್ಕೆ ಕಳಿಸಿ, ಪಕ್ಕದಲ್ಲೇ ‘ನರೇಗಾ’ವನ್ನೂ ಸೇರಿಸಿ.