ಸೆರೆಸಿಕ್ಕ ಎಲ್ಫ್ ಸಾಮಂತನ ಅಧ್ಯಾಯಗಳಲ್ಲಿ ಕಥೆ ನಿಂತುಹೋಗುತ್ತಿದೆ, ಪರಿಹಾರ ತಿಳಿಸಿ

ಪ್ರಶ್ನೆ:
ನಾನು ಬರೆಯುತ್ತಿರುವ ಫ್ಯಾಂಟಸಿ ಕಾದಂಬರಿಯಲ್ಲಿ, ಮನುಷ್ಯರೊಂದಿಗಿನ ಯುದ್ಧದ ನಡುವೆ ಎಲ್ಫ್ (ಚೂಪು ಕಿವಿಯ, ದೀರ್ಘಾಯುಷಿಗಳಾದ ಕಾಲ್ಪನಿಕ ಜನಾಂಗ) ಸಾಮಂತನೊಬ್ಬ ನದಿ ದಾಟುವಾಗ ಸೆರೆಸಿಗುತ್ತಾನೆ. ಅಲ್ಲಿಯವರೆಗೆ ಓಡುತ್ತಿದ್ದ ಕಥೆ ಮುಂದಿನ ಮೂರು ಅಧ್ಯಾಯಗಳಲ್ಲಿ ಕುಂಟುತ್ತದೆ. ಕರಡು ಓದಿದ ಇಬ್ಬರೂ, ಅವನನ್ನು ಕೊಲ್ಲದೆ ಏಕೆ ಇಟ್ಟುಕೊಂಡಿದ್ದಾರೆ ಎಂದು ಕೇಳಿದರು. ಚಿತ್ರಹಿಂಸೆಯ ದೃಶ್ಯವನ್ನೂ ತಪ್ಪಿಸಿಕೊಳ್ಳುವ ಎರಡು ಪ್ರಯತ್ನಗಳನ್ನೂ ಸೇರಿಸಿದೆ. ಗದ್ದಲ ಹೆಚ್ಚಿತೇ ಹೊರತು ಬಿಗಿ ಬರಲಿಲ್ಲ.

ಉತ್ತರ:
ನೀವು ಲಗತ್ತಿಸಿದ ಅಧ್ಯಾಯಗಳನ್ನು ಓದಿದೆ. ದೋಷವಿರುವುದು ಸೆರೆಮನೆಯ ಹೊರಗೆ: ಅವನ ಬಿಡುಗಡೆಗಾಗಿ ಯಾರೂ ಚೌಕಾಸಿ ಮಾಡುತ್ತಿಲ್ಲ. ಮಧ್ಯಯುಗದ ಯುರೋಪಿನಲ್ಲಿ ಸೆರೆಸಿಕ್ಕ ಕುಲೀನನೆಂದರೆ ಹಿಡಿದವನ ಪಾಲಿಗೆ ದೊಡ್ಡ ಆಸ್ತಿ. 1356ರಲ್ಲಿ ಪ್ವಾತಿಯೇ ಕಾಳಗದಲ್ಲಿ ಇಂಗ್ಲಿಷರಿಗೆ ಸೆರೆಯಾದ ಫ್ರಾನ್ಸಿನ ದೊರೆ ಎರಡನೆಯ ಜಾನ್‌ನ ಬಿಡುಗಡೆಗೆ 30 ಲಕ್ಷ ಚಿನ್ನದ ನಾಣ್ಯಗಳನ್ನು ಗೊತ್ತುಮಾಡಲಾಗಿತ್ತು. ಒಂದು ಭಾಗವನ್ನು ಕೊಟ್ಟು ಹೊರಬಂದಿದ್ದ ಅವನು, ಒತ್ತೆಯಿಟ್ಟಿದ್ದ ಮಗ ಓಡಿಹೋದಾಗ ತಾನಾಗಿಯೇ ಲಂಡನ್ನಿಗೆ ಮರಳಿ, 1364ರಲ್ಲಿ ಅಲ್ಲಿಯೇ ತೀರಿಕೊಂಡ. ಬೀಗವಿಲ್ಲದ ಬಾಗಿಲಿನ ಒಳಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಕುಳಿತವನು ನಿಮ್ಮ ಎರಡು ಪಲಾಯನಗಳಿಗಿಂತ ಹೆಚ್ಚು ಕಾಡುತ್ತಾನೆ ಎಂಬುದು ನನ್ನ ದೃಢವಾದ ನಂಬಿಕೆ.

ಇನ್ನೊಂದು ಮಾತು: ಅವನು ಎಲ್ಫ್ ಎಂಬುದು ನಿಮ್ಮಲ್ಲಿ ಕಿವಿಯ ವರ್ಣನೆಗಷ್ಟೇ ಸೀಮಿತವಾಗಿದೆ. 1415ರಲ್ಲಿ ಆಜಿನ್‌ಕೋರ್ ಕಾಳಗದಲ್ಲಿ ಸಿಕ್ಕಿಬಿದ್ದ, ಫ್ರಾನ್ಸಿನ ಓರ್ಲಿಯನ್ಸ್‌ನ ಡ್ಯೂಕ್ ಚಾರ್ಲ್ಸ್ ಕವಿತೆ ಬರೆಯುತ್ತ 25 ವರ್ಷ ಇಂಗ್ಲೆಂಡಿನ ಸೆರೆಯಲ್ಲಿ ಕಳೆದ. ಮನುಷ್ಯನಿಗೆ ಅದು ಯೌವನದ ಸರ್ವಸ್ವ. ನೂರಾರು ವರ್ಷ ಬದುಕುವವನು ಅಷ್ಟು ಕಾಲ ನಿರಾಳವಾಗಿ ಕಾಯಬಲ್ಲ, ಹಿಡಿದವನು ಕಾಯಲಾರ. ಆ ಮೂರು ಅಧ್ಯಾಯಗಳು ಮೂರು ತಿಂಗಳ ಬದಲು ಮೂವತ್ತು ವರ್ಷಗಳನ್ನು ಹಿಡಿಯಲಿ. ಊಟದ ತಟ್ಟೆ ತರುವ ನಿಮ್ಮ ಕಾವಲು ಹುಡುಗನನ್ನು ಬಿಡಬೇಡಿ: ಮೂರನೆಯ ಅಧ್ಯಾಯದಲ್ಲಿ ವಯಸ್ಸಾದ ಅವನ ಕೈ ನಡುಗಿ ನೀರು ತುಳುಕುತ್ತದೆ; ಎಂದೂ ಎದ್ದು ಬಾರದ ಸಾಮಂತ ಅಂದು ಬಾಗಿಲವರೆಗೆ ಬಂದು ತಟ್ಟೆಯನ್ನು ತಾನೇ ತೆಗೆದುಕೊಳ್ಳುತ್ತಾನೆ.

ಪ್ರಶ್ನೆ ಕೇಳಿದವರು:
ಚಿತ್ರಹಿಂಸೆಯ ದೃಶ್ಯವನ್ನು ತೆಗೆದುಹಾಕಿದೆ. ಸಾಮಂತನ ಪೀಠದಲ್ಲಿ ಕುಳಿತ ಅವನ ತಮ್ಮನು ಬಿಡುಗಡೆಯ ಹಣ ಕಳಿಸಲು ತಡಮಾಡುವ ಪತ್ರಗಳನ್ನು ಸೇರಿಸಿದ ಮೇಲೆ ಕಥೆಗೆ ಜೀವ ಬಂದಿದೆ. ಆದರೆ ಶತ್ರುವಿಗೆ ಕೊಟ್ಟ ಮಾತನ್ನು ಅವನು ಅಷ್ಟು ಕಾಲ ಉಳಿಸಿಕೊಳ್ಳುತ್ತಾನೆಂದು ಓದುಗರು ನಂಬುವರೇ?

ಉತ್ತರ:
ನಂಬಿಕೆಯ ಬೀಜವನ್ನು ನದಿಯ ದೃಶ್ಯದಲ್ಲಿಯೇ ಬಿತ್ತಬೇಕು. ಕತ್ತಿ ಒಪ್ಪಿಸುವ ಮುನ್ನ, ಹಿಂದೆ ಉಳಿದ ತನ್ನ ಗಾಯಾಳುಗಳನ್ನು ದಾಟಲು ಬಿಡಬೇಕೆಂದು ಅವನು ಷರತ್ತು ಹಾಕಲಿ, ಹಿಡಿದವನು ಅದನ್ನು ನಡೆಸಿಕೊಡಲಿ.