ಕೈನೇಸ್ ಸಂಶೋಧನೆಯಲ್ಲಿ ಹೊಸಬರಿಗೆ ಇನ್ನೂ ಕೆಲಸ ಉಳಿದಿದೆಯೇ?

ಪ್ರಶ್ನೆ:
ನಾನು ಬೆಂಗಳೂರಿನಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ಅಂತಿಮ ವರ್ಷದಲ್ಲಿದ್ದೇನೆ. ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವಿನಿಂದ ಫಾಸ್ಫೇಟನ್ನು ತೆಗೆದು ಪ್ರೋಟೀನಿಗೆ ಅಂಟಿಸುವ ಕೈನೇಸ್ ಕಿಣ್ವಗಳು ಜೀವಕೋಶವನ್ನು ಹೇಗೆ ಹತೋಟಿಯಲ್ಲಿಡುತ್ತವೆ ಎಂಬುದರ ಮೇಲೆಯೇ ಪಿಎಚ್.ಡಿ. ಮಾಡಬೇಕೆಂಬ ಆಸೆಯಿದೆ. ಆದರೆ ಇಂಥ ನಿಯಂತ್ರಣವನ್ನು ಕಂಡುಹಿಡಿದದ್ದಕ್ಕಾಗಿ 1992ರಲ್ಲಿ ಕ್ರೆಬ್ಸ್ ಮತ್ತು ಫಿಷರ್ ಅವರಿಗೆ, 2001ರಲ್ಲಿ ಕೋಶಚಕ್ರದ ನಿಯಂತ್ರಕಗಳಿಗಾಗಿ ಹಾರ್ಟ್‌ವೆಲ್, ಹಂಟ್ ಮತ್ತು ನರ್ಸ್ ಅವರಿಗೆ ನೊಬೆಲ್ ಬಂದಾಗಿದೆ; ಮನುಷ್ಯನ 518 ಕೈನೇಸ್‌ಗಳ ಪಟ್ಟಿಯೂ 2002ರಲ್ಲೇ ಪ್ರಕಟವಾಗಿದೆ. "ಆ ಗದ್ದೆಯ ಕೊಯ್ಲು ಮುಗಿದಿದೆ" ಎಂದು ಹಿರಿಯರೊಬ್ಬರು ಹೇಳಿದರು. ಇದು ನಿಜವೇ?

ಉತ್ತರ 1:
ಪಟ್ಟಿ ಸಿಕ್ಕಿದೆ, ಅಷ್ಟೆ. ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೆಟ್ರಿಯಿಂದ ನಮ್ಮ ಪ್ರೋಟೀನುಗಳಲ್ಲಿ ಫಾಸ್ಫೇಟ್ ಅಂಟುವ ಲಕ್ಷಕ್ಕೂ ಹೆಚ್ಚು ತಾಣಗಳು ಪತ್ತೆಯಾಗಿವೆ. ಅವುಗಳಲ್ಲಿ ಬಹುಪಾಲು ತಾಣಗಳಿಗೆ ಅದನ್ನು ಅಂಟಿಸಿದ ಕೈನೇಸ್ ಯಾವುದು, ಅಂಟಿಸಿದ್ದರಿಂದ ಕೋಶಕ್ಕೆ ಆದದ್ದೇನು ಎಂಬ ಎರಡೂ ಪ್ರಶ್ನೆಗಳಿಗೆ ಇನ್ನೂ ಉತ್ತರವಿಲ್ಲ. ಔಷಧದ ಮಾತಿಗೆ ಬಂದರೂ ಅಷ್ಟೇ: ಕಿದ್ವಾಯಿ ಆಸ್ಪತ್ರೆಯಲ್ಲಿ ದೀರ್ಘಕಾಲದ ಮೈಲಾಯ್ಡ್ ಲ್ಯುಕೇಮಿಯಾ (ಒಂದು ಬಗೆಯ ರಕ್ತ ಕ್ಯಾನ್ಸರ್) ರೋಗಿಗಳಿಗೆ ಕೊಡುವ ಇಮಾಟಿನಿಬ್, ಅದು ತಡೆಯಬೇಕಾದ ಏಬಲ್ ಕೈನೇಸಿನ 315ನೇ ಅಮೈನೊ ಆಮ್ಲ ಥ್ರಿಯೊನೀನಿನಿಂದ ಐಸೊಲ್ಯೂಸೀನ್ ಆಗಿ ಬದಲಾದರೆ ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು ಮಾತು. ಕ್ರೆಬ್ಸ್ ಮತ್ತು ಫಿಷರ್ ಸಿಯಾಟಲ್‌ನಲ್ಲಿ ಸ್ನಾಯುವಿನಲ್ಲಿ ಶೇಖರವಾದ ಸಕ್ಕರೆಯನ್ನು ಒಡೆಯುವ ಗ್ಲೈಕೊಜನ್ ಫಾಸ್ಫಾರಿಲೇಸ್ ಎಂಬ ಕಿಣ್ವವನ್ನು ಶುದ್ಧಗೊಳಿಸುವಾಗ, ವಿಜ್ಞಾನಿ ಕೋರಿ ದಂಪತಿಯ ಹಳೆಯ ವಿಧಾನದಂತೆ ಸೋಸುಕಾಗದದಲ್ಲಿ ಸೋಸಿದರೆ ಕಿಣ್ವದ ಸಕ್ರಿಯ ರೂಪ ಸಿಗುತ್ತಿತ್ತು, ಸೋಸದೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ನಿಷ್ಕ್ರಿಯ ರೂಪ ಮಾತ್ರ ಉಳಿಯುತ್ತಿತ್ತು. ಕಾಗದದಿಂದ ಬಿಡುಗಡೆಯಾದ ಕ್ಯಾಲ್ಸಿಯಂ, ಅದೇ ರಸದಲ್ಲಿದ್ದ, ಈ ಕಿಣ್ವಕ್ಕೆ ಫಾಸ್ಫೇಟ್ ಅಂಟಿಸಿ ಸಕ್ರಿಯಗೊಳಿಸುವ ಫಾಸ್ಫಾರಿಲೇಸ್ ಕೈನೇಸನ್ನು ಎಬ್ಬಿಸುತ್ತಿತ್ತು ಎಂಬುದು ಹಾಗೆ ಬೆಳಕಿಗೆ ಬಂತು. 1955ರ ಆ ಕೆಲಸಕ್ಕೆ ನೊಬೆಲ್ ಬಂದದ್ದು 37 ವರ್ಷಗಳ ಅನಂತರ. ಅವಸರದ ಸ್ವಭಾವದವರಿಗೆ ಈ ಕ್ಷೇತ್ರ ಒಗ್ಗುವುದು ಕಷ್ಟ.

ಉತ್ತರ 2:
ಮೇಲಿನವರು ಹೇಳಿದ್ದಕ್ಕೆ ಟೈರೊಸಿನ್ ಎಂಬ ಅಮೈನೊ ಆಮ್ಲಕ್ಕೂ ಫಾಸ್ಫೇಟ್ ಅಂಟುತ್ತದೆ ಎಂದು ಕಂಡ ಟೋನಿ ಹಂಟರ್ ಅವರ ಪ್ರಸಂಗವನ್ನೂ ಸೇರಿಸಬಹುದು: 1979ರಲ್ಲಿ ಸಾಲ್ಕ್ ಸಂಸ್ಥೆಯಲ್ಲಿ ಅವರು ಬಳಸಿದ ಹಳೆಯ ಬಫರಿನ ಪಿಎಚ್ 1.9ರಿಂದ 1.7ಕ್ಕೆ ಇಳಿದಿದ್ದರಿಂದಲೇ ಫಾಸ್ಫೊಟೈರೊಸಿನ್, ಫಾಸ್ಫೊಥ್ರಿಯೊನೀನಿನಿಂದ ಬೇರ್ಪಟ್ಟು ಕಣ್ಣಿಗೆ ಬಿತ್ತು. ಆದರೆ ಇಂಥ ಕಥೆಗಳನ್ನು ಗೆದ್ದ ಮೇಲಷ್ಟೇ ಹೇಳುತ್ತಾರೆ ಎಂಬುದನ್ನು ಮರೆಯಬೇಡಿ.

ದಿನನಿತ್ಯದ ಕೆಲಸ ಬೇರೆಯದೇ. ನಾವು ಕಲಿಯುವಾಗ ಫಾಸ್ಫೇಟನ್ನು ಪತ್ತೆಹಚ್ಚಲು ವಿಕಿರಣ ಸೂಸುವ ರಂಜಕ-32 ಬಳಸುತ್ತಿದ್ದೆವು. ಅದರ ಅರ್ಧಾಯುಷ್ಯ ಸುಮಾರು 14 ದಿನಗಳಾದ್ದರಿಂದ, ಡಬ್ಬಿ ಬಂದ ದಿನವೇ ಪ್ರೋಟೀನು ಸಿದ್ಧವಿರಬೇಕಿತ್ತು, ಅಕ್ರಿಲಿಕ್ ಹಲಗೆಯ ಹಿಂದೆ ನಿಂತು ಪಿಪೆಟ್ ಹಿಡಿದರೆ ಪಕ್ಕದಲ್ಲಿ ಗೈಗರ್ ಕೌಂಟರ್ ಟಿಕ್‌ಟಿಕ್ ಎನ್ನುತ್ತಿತ್ತು. ಈಗ ಫಾಸ್ಫೇಟನ್ನು ಗುರುತಿಸುವ ಪ್ರತಿಕಾಯಗಳಿವೆ, ಆದರೆ ಅವು ನಿಜಕ್ಕೂ ಅದನ್ನೇ ನೋಡುತ್ತಿವೆಯೇ ಎಂದು ಸಾಬೀತುಪಡಿಸುವುದರಲ್ಲೇ ತಿಂಗಳುಗಳು ಕಳೆಯುತ್ತವೆ. ಎಟಿಪಿಯನ್ನು ಹಿಡಿಯುವ ಲೈಸೀನನ್ನು ಬದಲಿಸಿದ ಸತ್ತ (ಅಂದರೆ ಕೆಲಸ ಮಾಡದ) ಕೈನೇಸನ್ನು ಹೋಲಿಕೆಗಾಗಿ ಪ್ರತಿ ಪ್ರಯೋಗದಲ್ಲೂ ಜೊತೆಗಿಟ್ಟುಕೊಳ್ಳದವರ ಫಲಿತಾಂಶವನ್ನು ನಾನು ನಂಬುವುದಿಲ್ಲ.

ಉತ್ತರ 3:
ಮನುಷ್ಯನ ಕ್ಯಾನ್ಸರ್ ಕೈನೇಸ್‌ಗಳ ಹಿಂದೆ ದೊಡ್ಡ ಔಷಧ ಕಂಪನಿಗಳೇ ಓಡುತ್ತಿರುವಾಗ, ನೀವೂ ಅಲ್ಲಿಗೇ ಏಕೆ ಹೋಗಬೇಕು? ಕ್ಷಯದ ಬ್ಯಾಕ್ಟೀರಿಯಾದಲ್ಲಿ ಸಿರೀನ್, ಥ್ರಿಯೊನೀನ್ ಎಂಬ ಅಮೈನೊ ಆಮ್ಲಗಳಿಗೆ ಫಾಸ್ಫೇಟ್ ಅಂಟಿಸುವ ಕೈನೇಸ್‌ಗಳಿರುವುದು ಕೇವಲ 11; ಅವುಗಳಲ್ಲಿ ಪಿಕೆಎನ್‌ಬಿ ಇಲ್ಲದೆ ಆ ಜೀವಿ ಬೆಳೆಯಲಾರದು. ನಮ್ಮ ದೇಶದ ರೋಗಕ್ಕೆ ಹತ್ತಿರದ ವಿಷಯವಿದು, ಒಬ್ಬ ವಿದ್ಯಾರ್ಥಿಯ ಕೈಗೆ ನಿಲುಕುವಷ್ಟು ಚಿಕ್ಕದೂ ಹೌದು. ಕಂಪ್ಯೂಟರಿನ ಕಡೆ ಒಲವಿದ್ದರೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಿವಂಗತ ಪ್ರೊ. ಎನ್. ಶ್ರೀನಿವಾಸನ್ ಅವರ ತಂಡ ಬೇರೆಬೇರೆ ಜೀವಿಗಳ ಜೀನೋಮುಗಳಿಂದ ಕೈನೇಸ್‌ಗಳನ್ನು ಹೆಕ್ಕಿ ವರ್ಗೀಕರಿಸಿದ ಪ್ರಬಂಧಗಳನ್ನು ಓದಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಸಂದರ್ಶನದಲ್ಲಿ "ಯಾವ ಕೈನೇಸ್?" ಎಂದು ಕೇಳಿದರೆ ಈಗಲೇ ಒಂದು ಹೆಸರು ಹೇಳಬೇಕೇ?

ಉತ್ತರ 2 ಬರೆದವರು:
ಬೇಡ, ಪ್ರಶ್ನೆಯೊಂದನ್ನು ಹೇಳಿ. ಹಾಗೆಯೇ, ಅಂಟಿಸಿದ ಫಾಸ್ಫೇಟನ್ನು ಕೀಳುವ ಫಾಸ್ಫಟೇಸ್‌ಗಳ ಬಗ್ಗೆಯೂ ಓದಿಕೊಂಡು ಹೋಗಿ. ಕೋಶ ವಿಭಜನೆಯನ್ನು ಮುಗಿಸಿ ಹೊರಬರಬೇಕಾದರೆ ಅದನ್ನು ನಡೆಸುವ ಸಿಡಿಕೆ1 ಎಂಬ ಕೈನೇಸ್ ಹಾಕಿದ ಫಾಸ್ಫೇಟ್‌ಗಳನ್ನು ಯಾರಾದರೂ ತೆಗೆಯಲೇಬೇಕು. ಆ ಭಾಗವನ್ನು ಹೆಚ್ಚಿನ ಅಭ್ಯರ್ಥಿಗಳು ಓದಿರುವುದೇ ಇಲ್ಲ, ಸಂದರ್ಶಕರು ಕೇಳುವುದೂ ಅದನ್ನೇ.